ತಂತಿಯಿಂದ ಗಾಜಿನೆಳೆಗೆ: ಕ್ಯಾಲಿಫೋರ್ನಿಯದ ಕಿರುಭೂಕಂಪ ವೀಕ್ಷಣೆಯ ಚರಿತ್ರೆ

ಭೂಕಂಪವೆಂದರೆ ಕುಸಿದ ಗೋಡೆ, ಬಿರುಕುಬಿಟ್ಟ ರಸ್ತೆ, ಸಾವುನೋವಿನ ಲೆಕ್ಕ ಎಂಬ ರೂಢಿಯ ತಿಳಿವಳಿಕೆಯ ಆಚೆಗೆ, ಯಾರ ಅನುಭವಕ್ಕೂ ಬಾರದೆ ನೆಲದಡಿಯಲ್ಲೇ ಮುಗಿದುಹೋಗುವ ಸಣ್ಣ ಕಂಪನಗಳ ದೊಡ್ಡ ಸಮೂಹವೊಂದಿದೆ. ಬೆನೊ ಗುಟೆನ್‌ಬರ್ಗ್ ಮತ್ತು ಚಾರ್ಲ್ಸ್ ರಿಕ್ಟರ್ ಎಂಬ ವಿಜ್ಞಾನಿಗಳು 1944ರಲ್ಲಿ ಕ್ಯಾಲಿಫೋರ್ನಿಯದ ದಾಖಲೆಗಳನ್ನು ಆಧರಿಸಿ ತೋರಿಸಿಕೊಟ್ಟಂತೆ, ಪರಿಮಾಣವು ಒಂದು ಅಂಕದಷ್ಟು ಇಳಿದರೆ ಭೂಕಂಪಗಳ ಸಂಖ್ಯೆ ಸುಮಾರು 10 ಪಟ್ಟು ಏರುತ್ತದೆ; ಅಂದರೆ ಒಂದು ಪ್ರದೇಶದಲ್ಲಿ 6ರ ಪರಿಮಾಣದ ಒಂದು ಭೂಕಂಪ ಆಗುವಷ್ಟು ಕಾಲದಲ್ಲಿ 3ರ ಪರಿಮಾಣದವು ಸಾವಿರದ ಆಸುಪಾಸಿನಲ್ಲೂ 1ರ ಪರಿಮಾಣದವು ಲಕ್ಷದ ಆಸುಪಾಸಿನಲ್ಲೂ ಆಗಿರುತ್ತವೆ. ದೊಡ್ಡ ಭೂಕಂಪವನ್ನು ಅಭ್ಯಾಸ ಮಾಡಬೇಕೆಂದರೆ ಒಂದೆರಡು ತಲೆಮಾರು ಕಾಯಬೇಕಾದೀತು. ಸಣ್ಣವಾದರೋ ದಿನವೂ ಸಂಭವಿಸುತ್ತವೆ, ಮತ್ತು ಅವುಗಳ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ನೆಲದೊಳಗಿನ ಸೀಳು ಎಲ್ಲಿದೆ, ಎಷ್ಟು ಆಳಕ್ಕಿದೆ, ಯಾವ ಭಾಗದಲ್ಲಿ ಜಾರುತ್ತಿದೆ, ಯಾವ ಭಾಗದಲ್ಲಿ ಬಿಗಿದು ನಿಂತಿದೆ ಎಂಬುದು ಕ್ರಮೇಣ ಗೋಚರವಾಗುತ್ತದೆ. ಈ ಕಿರುಕಂಪನಗಳನ್ನು ಹಿಡಿಯುವ ಒಂದು ಶತಮಾನದ ಪ್ರಯತ್ನದಲ್ಲಿ ಮಾಪಕಗಳ ಸೂಕ್ಷ್ಮತೆಗೆ ಎಷ್ಟು ಪಾತ್ರವಿದೆಯೋ, ಅಂಚೆ, ರೇಡಿಯೊ, ದೂರವಾಣಿ ಮೊದಲಾದ ಸಂಪರ್ಕ ಸಾಧನಗಳಿಗೂ ಅಷ್ಟೇ ಪಾತ್ರವಿದೆ. ಮಾಪಕದ ಸುದ್ದಿಯನ್ನು ಹೊತ್ತು ತರುತ್ತಿದ್ದ ತಂತಿಯೇ, ಬೆಳಕನ್ನು ಸಾಗಿಸುವ ಗಾಜಿನೆಳೆಯ ರೂಪದಲ್ಲಿ, ಈಚಿನ ಒಂದು ದಶಕದಲ್ಲಿ ಮಾಪಕವಾಗಿ ಬದಲಾದದ್ದು ಈ ಚರಿತ್ರೆಯ ಹೊಸ ಘಟ್ಟ.

ಈ ಚರಿತ್ರೆಯ ಬಹುಭಾಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದಿರುವುದಕ್ಕೆ ಅಲ್ಲಿನ ನೆಲದ ರಚನೆಯೇ ಕಾರಣ. ಶಿಲಾಸ್ತರಗಳು ಸೀಳಿ, ಸೀಳಿನ ಎರಡೂ ಬದಿಯ ಬಂಡೆಗಳು ಒಂದನ್ನೊಂದು ಉಜ್ಜಿಕೊಂಡು ಜರುಗಿರುವ ತಾಣವನ್ನು ಸ್ತರಭಂಗ ಎನ್ನುತ್ತಾರೆ. ಈಚಿನ ಭೂವೈಜ್ಞಾನಿಕ ಕಾಲದಲ್ಲಿ ಜರುಗಿದ, ಮುಂದೆಯೂ ಜರುಗುವ ಸಂಭವವುಳ್ಳ ಸ್ತರಭಂಗವು ಸಕ್ರಿಯ ಸ್ತರಭಂಗ ಎನಿಸುತ್ತದೆ. ಪೆಸಿಫಿಕ್ ಭೂಫಲಕವೂ ಉತ್ತರ ಅಮೆರಿಕದ ಭೂಫಲಕವೂ ಒಂದರ ಪಕ್ಕದಲ್ಲಿ ಒಂದು ಸರಿಯುವ ಗಡಿಯಲ್ಲಿ ಕ್ಯಾಲಿಫೋರ್ನಿಯ ಇದೆ. ಆ ಗಡಿಯ ಪ್ರಧಾನ ಸೀಳಿನ ಒಂದು ಭಾಗವನ್ನು ಭೂವಿಜ್ಞಾನಿ ಆಂಡ್ರ್ಯೂ ಲಾಸನ್ 1895ರಲ್ಲೇ ಗುರುತಿಸಿ ಸ್ಯಾನ್ ಆಂಡ್ರಿಯಾಸ್ ಎಂದು ಹೆಸರಿಸಿದ್ದರೂ, ಅದರ ನಿಜವಾದ ಉದ್ದವೂ ಸ್ವಭಾವವೂ ತಿಳಿದದ್ದು 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ 400 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನೆಲ ಸೀಳಿದ ಮೇಲೆ. ಲಾಸನ್ ನೇತೃತ್ವದ ಆಯೋಗದ ವರದಿಯ ಎರಡನೆಯ ಸಂಪುಟದಲ್ಲಿ, 1910ರಲ್ಲಿ, ಹ್ಯಾರಿ ಫೀಲ್ಡಿಂಗ್ ರೀಡ್ ಮಂಡಿಸಿದ ಸಿದ್ಧಾಂತದ ಪ್ರಕಾರ ಸ್ತರಭಂಗದ ಇಬ್ಬದಿಯ ಬಂಡೆಗಳು ವರ್ಷಾನುಗಟ್ಟಲೆ ನಿಧಾನವಾಗಿ ಬಾಗುತ್ತ ಶಕ್ತಿಯನ್ನು ಕೂಡಿಟ್ಟುಕೊಂಡು, ಘರ್ಷಣೆಯ ಹಿಡಿತ ಮೀರಿದ ಕ್ಷಣದಲ್ಲಿ ಥಟ್ಟನೆ ಜಾರಿ ನೆಟ್ಟಗಾಗುತ್ತವೆ. ಈ ಜಾರುವಿಕೆಯೇ ಭೂಕಂಪ. ಶಕ್ತಿ ಕೂಡುತ್ತಿರುವ ಜಾಗಗಳನ್ನು ಮೊದಲೇ ತಿಳಿಯುವುದು ಹೇಗೆಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು.

ಆ ಪ್ರಶ್ನೆಗೆ ಸಣ್ಣ ಕಂಪನಗಳಲ್ಲಿ ಉತ್ತರ ಹುಡುಕಬೇಕೆಂದು ವಾದಿಸಿದವರು ಹ್ಯಾರಿ ವುಡ್. ದುರ್ಬಲ ಕಂಪನಗಳು ಎಲ್ಲೆಲ್ಲಿ ಆಗುತ್ತವೆ ಎಂಬುದನ್ನು ವ್ಯವಸ್ಥಿತವಾಗಿ ದಾಖಲಿಸಿದರೆ ಜೀವಂತವಾಗಿರುವ ಸ್ತರಭಂಗಗಳು ತಾವಾಗಿಯೇ ಬಯಲಾಗುತ್ತವೆ ಎಂದು 1916ರಲ್ಲಿ ಬರೆದ ಅವರು, ಕಾರ್ನೆಗಿ ಸಂಸ್ಥೆಯ ನೆರವಿನಿಂದ 1921ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ ಕೆಲಸ ಆರಂಭಿಸಿದರು. ಅಂದಿನ ಭೂಕಂಪಮಾಪಕಗಳು ದೂರದೇಶಗಳ ದೊಡ್ಡ ಭೂಕಂಪಗಳ ನಿಧಾನವಾದ ಅಲೆಗಳನ್ನು ಹಿಡಿಯಲು ರೂಪುಗೊಂಡಿದ್ದುದರಿಂದ ಹತ್ತಿರದ ಕಿರುಕಂಪನಗಳ ಚುರುಕಾದ ಅದುರು ಅವುಗಳಿಗೆ ನಿಲುಕುತ್ತಿರಲಿಲ್ಲ. ಮೌಂಟ್ ವಿಲ್ಸನ್ ವೀಕ್ಷಣಾಲಯದ ಖಗೋಳವಿಜ್ಞಾನಿ ಜಾನ್ ಆಂಡರ್ಸನ್ ಅವರ ಜೊತೆಗೂಡಿ ವುಡ್ ರೂಪಿಸಿದ ಹೊಸ ಮಾಪಕದಲ್ಲಿ, ಬಿಗಿಯಾಗಿ ಎಳೆದು ಕಟ್ಟಿದ ಕೂದಲಿನಷ್ಟು ತೆಳ್ಳನೆಯ ಟಂಗ್‌ಸ್ಟನ್ ತಂತಿಗೆ ಪುಟ್ಟ ತಾಮ್ರದ ತುಂಡೊಂದನ್ನು ಒಂದು ಬದಿಗೆ ಅಂಟಿಸಿ, ಅದರ ಮೇಲೆ ಕಿರುಗನ್ನಡಿಯನ್ನು ಕೂರಿಸಲಾಗಿತ್ತು. ನೆಲ ಅಲುಗಿದಾಗ ತಾಮ್ರದ ತುಂಡು ಹಿಂದುಳಿದು ತಂತಿ ತಿರುಚಿಕೊಳ್ಳುತ್ತಿತ್ತು, ಕನ್ನಡಿಯಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಸುತ್ತುತ್ತಿರುವ ಫೋಟೊ ಕಾಗದದ ಮೇಲೆ ನೆಲದ ಚಲನೆಯನ್ನು 2,000 ಪಟ್ಟಿಗೂ ಹೆಚ್ಚು ಹಿಗ್ಗಿಸಿ ಬರೆಯುತ್ತಿತ್ತು. ಹೊರಕೇಂದ್ರಗಳಲ್ಲಿ ಬರೆದ ಈ ಕಾಗದಗಳು ಅಂಚೆಯ ಮೂಲಕ ಪ್ಯಾಸಡೀನಕ್ಕೆ ಬರುತ್ತಿದ್ದವು. 1927ರಲ್ಲಿ ಅಲ್ಲಿ ಸೇರಿದ ರಿಕ್ಟರ್ ಆ ಕಾಗದಗಳನ್ನು ಅಳೆದು ಹೋಲಿಸುವ ಕೆಲಸದಲ್ಲಿಯೇ 1935ರ ತಮ್ಮ ಪ್ರಸಿದ್ಧ ಮಾನಕವನ್ನು ಕಂಡುಕೊಂಡರು: ಕಂಪನಕೇಂದ್ರದಿಂದ 100 ಕಿಲೋಮೀಟರ್ ದೂರದಲ್ಲಿ ಈ ಮಾಪಕದ ಗೆರೆ ಒಂದು ಮಿಲಿಮೀಟರ್ ಏರಿದರೆ ಆ ಭೂಕಂಪದ ಪರಿಮಾಣ 3. ಪತ್ರಿಕೆಗಳು ಮಹಾಭೂಕಂಪಗಳ ಸುದ್ದಿಯಲ್ಲಿ ಬಳಸುವ ರಿಕ್ಟರ್ ಮಾನಕವು ಹುಟ್ಟಿದ್ದು ಹೀಗೆ ಕಿರುಕಂಪನಗಳನ್ನು ಎಣಿಸುವ ಯೋಜನೆಯ ಉಪಫಲವಾಗಿ.

ಕಂಪನದ ನೆಲೆಯನ್ನು ಗುರುತಿಸಬೇಕಾದರೆ ಹಲವು ಕೇಂದ್ರಗಳಿಗೆ ಅಲೆ ತಲುಪಿದ ಕಾಲವನ್ನು ಹೋಲಿಸಬೇಕು, ಹೋಲಿಸಬೇಕಾದರೆ ಎಲ್ಲ ಕೇಂದ್ರಗಳ ಗಡಿಯಾರಗಳೂ ಒಂದೇ ಕಾಲವನ್ನು ತೋರಬೇಕು. ಭೂಕಂಪದ ಮೊದಲ ಅಲೆಯಾದ ಪ್ರಾಥಮಿಕ ತರಂಗವು ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಸಾಗುವುದರಿಂದ, ಗಡಿಯಾರದಲ್ಲಿ ಒಂದು ಸೆಕೆಂಡಿನ ವ್ಯತ್ಯಾಸವಿದ್ದರೂ ಅಲೆ ಬಂದ ದೂರದ ಲೆಕ್ಕ ಅಷ್ಟೇ ಕಿಲೋಮೀಟರ್ ತಪ್ಪುತ್ತದೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ಎರಡು ಸ್ತರಭಂಗಗಳಿರುವ ಕಡೆ ಕಂಪನ ಯಾವುದಕ್ಕೆ ಸೇರಿದ್ದೆಂಬುದು ಆಗ ನಿರ್ಣಯವಾಗುವುದಿಲ್ಲ. ರೇಡಿಯೊ ಕಾಲಸಂಕೇತಗಳು ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿದವು.

ಪ್ಯಾಸಡೀನದ ಅದೇ ಪ್ರಯೋಗಾಲಯದಲ್ಲಿ, ರಿಕ್ಟರ್ ಮಾನಕ ಬಂದ 1935ರಲ್ಲೇ, ಹ್ಯೂಗೊ ಬೆನಿಯಾಫ್ ಪ್ರಕಟಿಸಿದ ಇನ್ನೊಂದು ಉಪಕರಣವು ಗಾಜಿನೆಳೆಯ ಕಥೆಗೆ ನೇರವಾಗಿ ಸಂಬಂಧಿಸಿದೆ. ಸಾಮಾನ್ಯ ಮಾಪಕವು ಒಂದು ಬಿಂದುವಿನಲ್ಲಿ ನೆಲ ಎಷ್ಟು ಅಲುಗಿತೆಂದು ಹೇಳಿದರೆ, ಬೆನಿಯಾಫ್ ಉಪಕರಣವು ಸುಮಾರು 20 ಮೀಟರ್ ಅಂತರದ ಎರಡು ಕಂಬಗಳ ನಡುವಿನ ದೂರ ಎಷ್ಟು ಬದಲಾಯಿತೆಂದು ಅಳೆಯುತ್ತಿತ್ತು. ಒಂದು ಕಂಬಕ್ಕೆ ಬಿಗಿದ ಉದ್ದನೆಯ ಕೊಳವೆಯ ತುದಿ ಇನ್ನೊಂದು ಕಂಬದ ಹತ್ತಿರ ಎಷ್ಟು ಸರಿಯಿತೆಂಬುದೇ ಅಲ್ಲಿನ ಮಾಪನ. ಹೀಗೆ ಒಂದು ವಸ್ತುವಿನ ಮೂಲ ಉದ್ದಕ್ಕೆ ಹೋಲಿಸಿದಾಗ ಅದರ ಹಿಗ್ಗು ಕುಗ್ಗಿನ ಪ್ರಮಾಣವನ್ನು ಭೌತವಿಜ್ಞಾನದಲ್ಲಿ ವಿಕೃತಿ ಎನ್ನುತ್ತಾರೆ. ನೆಲದ ವಿಕೃತಿಯನ್ನು ಅಳೆದೂ ಭೂಕಂಪದ ಅಲೆಯನ್ನು ದಾಖಲಿಸಬಹುದೆಂದು ಬೆನಿಯಾಫ್ ಸಾಧಿಸಿದರಾದರೂ, ಅಂಥ ಉಪಕರಣವನ್ನು ಸ್ಥಾಪಿಸಲು ಸುರಂಗವೂ ಸ್ಥಿರ ಉಷ್ಣತೆಯೂ ಬೇಕಾಗಿದ್ದುದರಿಂದ ಅದು ಕೆಲವೇ ಕೇಂದ್ರಗಳಿಗೆ ಸೀಮಿತವಾಗಿ ಉಳಿಯಿತು.

ಎರಡನೆಯ ಮಹಾಯುದ್ಧದ ನಂತರ ಭೂಕಂಪ ವೀಕ್ಷಣೆಗೆ ಹಣ ಹರಿದದ್ದು ಅನಿರೀಕ್ಷಿತ ದಿಕ್ಕಿನಿಂದ. ಪರರಾಷ್ಟ್ರಗಳು ಭೂಗರ್ಭದಲ್ಲಿ ನಡೆಸುವ ಅಣ್ವಸ್ತ್ರ ಪರೀಕ್ಷೆಗಳನ್ನು ದೂರದಿಂದಲೇ ಪತ್ತೆಹಚ್ಚುವ ಅಗತ್ಯ ಬಿದ್ದಾಗ, ಒಂದೇ ಮಾಪಕದ ಬದಲು ಹಲವು ಮಾಪಕಗಳನ್ನು ನಿಯತ ಅಂತರದಲ್ಲಿ ಸಾಲಾಗಿ ಹೂಡಿ, ಅವುಗಳ ಸಂಕೇತಗಳನ್ನು ಸೂಕ್ತ ಕಾಲವ್ಯತ್ಯಾಸದೊಂದಿಗೆ ಕೂಡಿಸುವ ವಿಧಾನ ಬಳಕೆಗೆ ಬಂದಿತು. ಹಾಗೆ ಕೂಡಿಸಿದಾಗ ಗಾಳಿ, ವಾಹನಗಳ ಗದ್ದಲ ಪರಸ್ಪರ ಕಳೆದುಹೋಗಿ ನಿಜವಾದ ಅಲೆ ಎದ್ದು ಕಾಣುತ್ತದೆ, ಅದು ಬಂದ ದಿಕ್ಕೂ ತಿಳಿಯುತ್ತದೆ. ಅಮೆರಿಕವು ಮೊಂಟಾನದಲ್ಲಿ 525 ಮಾಪಕಗಳ ಬೃಹತ್ ವ್ಯೂಹವನ್ನು 1965ರಲ್ಲಿ ಆರಂಭಿಸಿದರೆ, ಅದೇ ವರ್ಷ ಕರ್ನಾಟಕದ ಗೌರಿಬಿದನೂರಿನಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಯೋಗದಿಂದ ಎಲ್ ಆಕಾರದ ಎರಡು ತೋಳುಗಳಲ್ಲಿ 20 ಮಾಪಕಗಳನ್ನು ಹೂಡಲಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರದ ಆಡಳಿತದಲ್ಲಿರುವ ಈ ಕೇಂದ್ರವನ್ನು ದಖನ್ ಪ್ರಸ್ಥಭೂಮಿಯ ಪ್ರಾಚೀನ, ಸದ್ದುಗದ್ದಲವಿಲ್ಲದ ಶಿಲೆಯ ಮೇಲೆ ನೆಲೆಗೊಳಿಸಿರುವುದರಿಂದ ಬಹು ದೂರದ ಕ್ಷೀಣ ಅಲೆಗಳೂ ಅಲ್ಲಿ ದಾಖಲಾಗುತ್ತವೆ. ಅನೇಕ ಬಿಂದುಗಳನ್ನು ಒಂದೇ ಸಾಧನವೆಂಬಂತೆ ಬಳಸುವ ಈ ತರ್ಕವೇ ಮುಂದೆ ಗಾಜಿನೆಳೆಯಲ್ಲಿ ಪೂರ್ಣರೂಪ ಪಡೆಯಿತು.

ಕ್ಯಾಲಿಫೋರ್ನಿಯದಲ್ಲಿ ಅದೇ ದಶಕದಲ್ಲಿ ದೂರವಾಣಿ ತಂತಿ ಅಂಚೆಯ ಸ್ಥಾನವನ್ನು ಆಕ್ರಮಿಸಿತು. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲೆಯೇ ಇರುವ ಪಾರ್ಕ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 1966ರ ಜೂನ್‌ನಲ್ಲಿ ಭೂಕಂಪವಾದಾಗ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆರಿ ಈಟನ್ ಮತ್ತು ಸಹೋದ್ಯೋಗಿಗಳು ಸಂಚಾರಿ ಮಾಪಕಗಳನ್ನು ಒಯ್ದು ಪಶ್ಚಾತ್ ಕಂಪನಗಳನ್ನು, ಅಂದರೆ ಮುಖ್ಯ ಭೂಕಂಪದ ಬೆನ್ನಿಗೆ ವಾರ ತಿಂಗಳುಗಟ್ಟಲೆ ಆಗುವ ಸಣ್ಣ ಕಂಪನಗಳನ್ನು, ದಾಖಲಿಸಿದರು. ಅವುಗಳ ನೆಲೆಗಳು ನೆಲದ ಮೇಲಿನ ಸೀಳಿನ ಕೆಳಗೆ, ಹೆಚ್ಚುಕಡಿಮೆ ಲಂಬವಾದ ತೆಳುವಾದ ಹಾಳೆಯ ಮೇಲೆ ಸಾಲಾಗಿ ಬಿದ್ದದ್ದು, ಸಣ್ಣ ಕಂಪನಗಳಿಂದ ಸ್ತರಭಂಗದ ಚಿತ್ರ ಬರೆಯಬಹುದೆಂಬ ವುಡ್ ಅವರ ಹಳೆಯ ಮಾತಿಗೆ ಸ್ಪಷ್ಟ ಸಮರ್ಥನೆಯಾಯಿತು. ಆನಂತರ ಈಟನ್ ಕಟ್ಟಿದ ಜಾಲದಲ್ಲಿ ಪ್ರತಿ ಮಾಪಕದ ಸಂಕೇತವನ್ನು ಏರಿಳಿಯುವ ಸ್ವರವಾಗಿ ಪರಿವರ್ತಿಸಿ, ಬೇರೆ ಬೇರೆ ಸ್ವರಗಳ ಹಲವು ಮಾಪಕಗಳನ್ನು ಒಂದೇ ದೂರವಾಣಿ ತಂತಿಯ ಮೇಲೆ ಮೆನ್ಲೊ ಪಾರ್ಕ್ ಕೇಂದ್ರಕ್ಕೆ ಕಳುಹಿಸಲಾಗುತ್ತಿತ್ತು. ಅಲ್ಲಿ 16 ಮಿಲಿಮೀಟರ್ ಫಿಲ್ಮಿನ ಮೇಲೆ ಎಲ್ಲ ಗೆರೆಗಳೂ ಪಕ್ಕಪಕ್ಕದಲ್ಲಿ, ಒಂದೇ ಗಡಿಯಾರದ ಕೆಳಗೆ ಮೂಡುತ್ತಿದ್ದವು. ಕಾಗದ ಬರುವವರೆಗೆ ಕಾಯುವ ಪದ್ಧತಿ ಹೋಯಿತು, ಕೇಂದ್ರಕ್ಕೊಂದು ಗಡಿಯಾರವೂ ಅನಗತ್ಯವಾಯಿತು.

ಹೀಗೆ ಜಾಲ ದಟ್ಟವಾದಂತೆಲ್ಲ ಪಟ್ಟಿಯಲ್ಲಿ ಭೂಕಂಪಗಳ ಸಂಖ್ಯೆ ಬೆಳೆಯಿತಾದರೂ, ಒಂದು ಮಿತಿ ಉಳಿದೇ ಇತ್ತು. ಮಾಪಕವನ್ನು ಹೂಳಲು ಜಾಗ, ವಿದ್ಯುತ್ತು, ಸಂಪರ್ಕ, ನಿರ್ವಹಣೆ ಎಲ್ಲಕ್ಕೂ ಖರ್ಚು ತಗಲುವುದರಿಂದ ಕೇಂದ್ರಗಳ ನಡುವೆ ಹತ್ತಾರು ಕಿಲೋಮೀಟರ್ ಅಂತರ ಸಾಮಾನ್ಯವಾಗಿತ್ತು, ಆ ಅಂತರದಲ್ಲಿ ಆದ ಅತಿಸಣ್ಣ ಕಂಪನದ ಅಲೆ ಯಾವುದೇ ಕೇಂದ್ರವನ್ನು ತಲುಪುವ ಮೊದಲೇ ಗದ್ದಲದಲ್ಲಿ ಕರಗುತ್ತಿತ್ತು. ಅವುಗಳಲ್ಲಿ ಒಂದು ಭಾಗವನ್ನು ಗಣಕದ ನೆರವಿನಿಂದ ಹಳೆಯ ದಾಖಲೆಗಳಲ್ಲೇ ಹುಡುಕಿ ತೆಗೆಯಲು ಸಾಧ್ಯವಾಯಿತು: ಗೊತ್ತಿರುವ ಭೂಕಂಪದ ಅಲೆಯ ಆಕಾರವನ್ನು ಅಚ್ಚಾಗಿಟ್ಟುಕೊಂಡು ದಾಖಲೆಯುದ್ದಕ್ಕೂ ಹೋಲಿಕೆ ನೋಡುವ ವಿಧಾನದಿಂದ, ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 2008ರಿಂದ 2017ರವರೆಗೆ ಸುಮಾರು 18 ಲಕ್ಷ ಭೂಕಂಪಗಳಾಗಿದ್ದವೆಂದು, ಅಂದರೆ ಸರಾಸರಿ ಮೂರು ನಿಮಿಷಕ್ಕೊಂದು ಆಗಿತ್ತೆಂದು, 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದು ಮೊದಲಿನ ಪಟ್ಟಿಯ ಸುಮಾರು ಹತ್ತು ಪಟ್ಟು. ಇದಕ್ಕಿಂತ ಮುಂದೆ ಹೋಗಬೇಕಾದರೆ ಕಿವಿಗಳ ಸಂಖ್ಯೆಯೇ ಹೆಚ್ಚಬೇಕಾಗಿತ್ತು.

ಆ ಕಿವಿಗಳು ದೊರೆತದ್ದು ದೂರಸಂಪರ್ಕವೆಂಬ ಬೇರೊಂದು ಉದ್ಯಮದಲ್ಲಿ. ಬೆಳಕು ತನ್ನ ತರಂಗಾಂತರಕ್ಕಿಂತ ಚಿಕ್ಕದಾದ ಕಣಗಳಿಂದ ಎಲ್ಲ ದಿಕ್ಕಿಗೂ ಚದುರುವುದನ್ನು ಇಂಗ್ಲೆಂಡಿನ ಲಾರ್ಡ್ ರೇಲಿ 1871ರಲ್ಲಿ ಆಕಾಶದ ನೀಲಿಯನ್ನು ವಿವರಿಸುವಾಗ ಲೆಕ್ಕಹಾಕಿದ್ದರು. ಶುದ್ಧ ಗಾಜಿನ ಎಳೆಯಲ್ಲಿ ಬೆಳಕಿನ ಸಂಕೇತವನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ವಾದಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಅಂಥ ಎಳೆಯನ್ನು ಮಾಡಿ ತೋರಿಸಿದರು. ಎಷ್ಟೇ ಶುದ್ಧವಾದ ಗಾಜಿನಲ್ಲೂ ಬಟ್ಟೆಯ ನೇಯ್ಗೆಯಲ್ಲಿ ಸಿಕ್ಕಿಕೊಳ್ಳುವ ಸಣ್ಣ ಗಂಟುಗಳಂತೆ ಸಾಂದ್ರತೆಯ ಸೂಕ್ಷ್ಮ ಏರುಪೇರುಗಳು ಉದ್ದಕ್ಕೂ ಉಳಿದಿರುತ್ತವೆ, ಅವುಗಳಿಗೆ ತಾಗಿದ ಬೆಳಕಿನ ಅತ್ಯಲ್ಪ ಅಂಶ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸಂಪರ್ಕದ ದೃಷ್ಟಿಯಿಂದ ನಷ್ಟವೆನಿಸಿದ ಈ ಹಿಂಚದುರುವಿಕೆಯನ್ನೇ ಬಳಸಿ ಎಳೆ ಎಲ್ಲಿ ಮುರಿದಿದೆ, ಎಲ್ಲಿ ಬೆಸುಗೆ ಕೆಟ್ಟಿದೆ ಎಂದು ಒಂದೇ ತುದಿಯಿಂದ ಪತ್ತೆಮಾಡುವ ಕ್ರಮವನ್ನು 1976ರಲ್ಲಿ ಬಾರ್ನೋಸ್ಕಿ ಮತ್ತು ಜೆನ್ಸನ್ ಪ್ರಕಟಿಸಿದರು. ರಸ್ತೆಬದಿಯಲ್ಲಿ ಕೇಬಲ್ ದುರಸ್ತಿ ಮಾಡುವವರು ಇಂದಿಗೂ ಬಳಸುವ ಓಟಿಡಿಆರ್ ಯಂತ್ರದ ಮೂಲ ಇದು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 10 ಕಿಲೋಮೀಟರ್ ಆಚೆಯಿಂದ ಚದುರಿದ ಬೆಳಕು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಲ್ಲಿ ವಾಪಸಾಗುತ್ತದೆ. ವಾಪಸಾದ ಕಾಲವನ್ನು ನೋಡಿದರೆ ಅದು ಚದುರಿದ ಜಾಗ ತಿಳಿಯುತ್ತದೆ.

ಮುರಿದ ಜಾಗವನ್ನು ಹುಡುಕುವ ಈ ಉಪಾಯದಿಂದ ಕಂಪನವನ್ನು ಅಳೆಯುವ ಉಪಾಯಕ್ಕೆ ಹೋಗಲು ಬೇಕಾದದ್ದು ಬೆಳಕಿನ ಪ್ರಾವಸ್ಥೆಯನ್ನು, ಅಂದರೆ ಅದರ ಅಲೆಯ ಏರಿಳಿತವು ಯಾವ ಹಂತದಲ್ಲಿದೆ ಎಂಬುದನ್ನು, ಓದುವ ಸಾಮರ್ಥ್ಯ. ನೆಲದ ಅಲೆ ಹಾದುಹೋಗುವಾಗ ಎಳೆಯ ಸುಮಾರು 10 ಮೀಟರಿನ ತುಂಡೊಂದು ಹತ್ತಾರು ನ್ಯಾನೊಮೀಟರಿನಷ್ಟು, ಅಂದರೆ ಮೀಟರಿನ ಶತಕೋಟಿಯಲ್ಲಿ ಹತ್ತಾರು ಪಾಲಿನಷ್ಟು, ಹಿಗ್ಗಿದರೂ ಅದರ ಎರಡು ತುದಿಗಳಿಂದ ಹಿಂದಿರುಗುವ ಬೆಳಕಿನ ಪ್ರಾವಸ್ಥೆಯ ವ್ಯತ್ಯಾಸ ಬದಲಾಗುತ್ತದೆ. ಸೆಕೆಂಡಿಗೆ ನೂರಾರು ಬಾರಿ ಲೇಸರ್ ಮಿಡಿತವನ್ನು ಕಳುಹಿಸಿ ಈ ಬದಲಾವಣೆಯನ್ನು ಎಳೆಯುದ್ದಕ್ಕೂ ಓದುವ ಪೆಟ್ಟಿಗೆಯನ್ನು ಇಂಟರಾಗೇಟರ್ ಎಂದೂ, ಒಟ್ಟು ವಿಧಾನವನ್ನು ಡಿಎಎಸ್ ಎಂಬ ಹ್ರಸ್ವನಾಮದಿಂದಲೂ ಕರೆಯುತ್ತಾರೆ. ಬೆನಿಯಾಫ್ ಸುರಂಗದಲ್ಲಿ ಒಂದೇ ಕೊಳವೆಯಿಂದ ಅಳೆದ ವಿಕೃತಿಯನ್ನು ಇಲ್ಲಿ ಒಂದೇ ಕೇಬಲ್ಲಿನ ಸಾವಿರಾರು ತುಂಡುಗಳು ಏಕಕಾಲಕ್ಕೆ ಅಳೆಯುತ್ತವೆ. ಬೇಲಿ ಮತ್ತು ಕೊಳವೆಮಾರ್ಗಗಳ ಕಾವಲಿಗೆ ಬಳಕೆಯಾಗುತ್ತಿದ್ದ ಈ ತಂತ್ರವನ್ನು 2009ರ ಸುಮಾರಿಗೆ ತೈಲೋದ್ಯಮ ಕೊಳವೆಬಾವಿಗಳಿಗೆ ಇಳಿಸಿತು. ಭೂಕಂಪಶಾಸ್ತ್ರಜ್ಞರ ಕೈಗೆ ಅದು ಬಂದದ್ದು ಅಲ್ಲಿಂದ.

ಇಷ್ಟಾದ ಮೇಲೂ ಹೊಸ ಕೇಬಲ್ ಹೂಳುವುದು ದುಬಾರಿಯೇ. ಆದರೆ ಕೇಬಲ್ ಹಾಕುವ ಕಂಪನಿಗಳು ಅಗೆತದ ಖರ್ಚೇ ಹೆಚ್ಚೆಂದು ಬೇಕಾದುದಕ್ಕಿಂತ ಬಹಳ ಹೆಚ್ಚು ಎಳೆಗಳನ್ನು ಒಂದೇ ಸಲಕ್ಕೆ ಹೂಳಿಡುವ ವಾಡಿಕೆಯಿಂದ, ಬೆಳಕು ಹರಿಯದ ಎಷ್ಟೋ ಎಳೆಗಳು ನೆಲದಡಿಯಲ್ಲಿ ಖಾಲಿ ಉಳಿದಿದ್ದವು; ಡಾರ್ಕ್ ಫೈಬರ್ ಎಂದು ಕರೆಯುವ ಈ ಖಾಲಿ ಎಳೆಗಳೇ ಸಿದ್ಧ ಮಾಪಕಗಳಾದವು. ಐಸ್‌ಲ್ಯಾಂಡಿನ ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ದೂರಸಂಪರ್ಕಕ್ಕಾಗಿ ಹೂಳಿದ್ದ 15 ಕಿಲೋಮೀಟರ್ ಕೇಬಲ್ಲಿನಿಂದ 2015ರಲ್ಲಿ ನಡೆಸಿದ ವೀಕ್ಷಣೆಯು ಸ್ಥಳೀಯ ಕಂಪನಗಳನ್ನಷ್ಟೇ ಅಲ್ಲದೆ ಅಲ್ಲಿಯವರೆಗೆ ನಕ್ಷೆಯಲ್ಲಿಲ್ಲದ ಸ್ತರಭಂಗವೊಂದನ್ನೂ ತೋರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿಯಾಂಡೊ ಬಿಯಾಂಡಿ ಮತ್ತು ಐಲೀನ್ ಮಾರ್ಟಿನ್ ಅವರ ತಂಡ 2016ರಿಂದ ಆವರಣದ ದೂರಸಂಪರ್ಕ ಕೊಳವೆಗಳಲ್ಲಿದ್ದ ಎಳೆಗಳನ್ನೇ ಬಳಸಿತು. ಎಳೆಯನ್ನು ನೆಲಕ್ಕೆ ಸಿಮೆಂಟಿನಿಂದ ಭದ್ರಪಡಿಸದೆ ಪ್ಲಾಸ್ಟಿಕ್ ಕೊಳವೆಯಲ್ಲಿ ಸಡಿಲವಾಗಿ ಬಿಟ್ಟರೆ ಅದು ಏನನ್ನೂ ದಾಖಲಿಸದೆಂಬ ಶಂಕೆ ಆಗ ನಿವಾರಣೆಯಾಯಿತು. 2018ರ ಮಾರ್ಚ್‌ನಲ್ಲಿ ಮಾಂಟೆರೆ ಕೊಲ್ಲಿಯ ಸಮುದ್ರತಳದ ಸಂಶೋಧನಾ ಕೇಬಲ್ ನಿರ್ವಹಣೆಗಾಗಿ ನಿಂತಿದ್ದ ನಾಲ್ಕು ದಿನಗಳಲ್ಲಿ ಅದರ 20 ಕಿಲೋಮೀಟರ್ ಭಾಗವನ್ನು ಮಾಪಕವಾಗಿಸಿದಾಗ, ಒಳನಾಡಿನ 3.4 ಪರಿಮಾಣದ ಭೂಕಂಪವೊಂದರ ಅಲೆಗಳು ಸಮುದ್ರದಡಿಯ ಅಜ್ಞಾತ ಸ್ತರಭಂಗಗಳಲ್ಲಿ ಚದುರುವುದು ಕಂಡುಬಂದಿತು.

ಈ ವಿಧಾನಕ್ಕೆ ನಿರ್ಣಾಯಕ ಪರೀಕ್ಷೆ ಒದಗಿದ್ದು 2019ರ ಜುಲೈಯಲ್ಲಿ, ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಮೊಹಾವೆ ಮರುಭೂಮಿಯ ಅಂಚಿನಲ್ಲಿರುವ ರಿಜ್‌ಕ್ರೆಸ್ಟ್ ಪಟ್ಟಣದಲ್ಲಿ. ಜುಲೈ 4ರಂದು 6.4ರ, ಮರುದಿನ ಸಂಜೆ 7.1ರ ಪರಿಮಾಣದ ಭೂಕಂಪಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿರುವ ಸ್ತರಭಂಗಗಳ ಮೇಲೆ ಸಂಭವಿಸಿದವು. ಕ್ಯಾಲ್‌ಟೆಕ್ ಸಂಸ್ಥೆಯ ಝೊಂಗ್‌ವೆನ್ ಝಾನ್ ಅವರ ತಂಡ ಕೆಲವೇ ದಿನಗಳಲ್ಲಿ ಪಟ್ಟಣದ ಖಾಲಿ ಎಳೆಯೊಂದರ ತುದಿಗೆ ಇಂಟರಾಗೇಟರನ್ನು ಜೋಡಿಸಿ, ಸುಮಾರು 10 ಕಿಲೋಮೀಟರಿನ ಕೇಬಲ್ಲನ್ನು 8 ಮೀಟರಿಗೊಂದರಂತೆ 1,250 ಮಾಪಕಗಳನ್ನಾಗಿ ಪರಿವರ್ತಿಸಿತು. ಅಷ್ಟು ಮಾಪಕಗಳನ್ನು ಬಿಡಿಯಾಗಿ ಹೂಳಬೇಕಾಗಿದ್ದರೆ ಪಶ್ಚಾತ್ ಕಂಪನಗಳ ಮಹತ್ತ್ವದ ಅವಧಿಯೇ ಕಳೆದುಹೋಗುತ್ತಿತ್ತು.

ಇಂಥ ಕೇಬಲ್ಲನ್ನು ಮಾಪಕವಾಗಿಸುವ ಕೆಲಸದಲ್ಲಿ ಮೊದಲ ತೊಡಕು ಎಳೆಯ ಉದ್ದಕ್ಕೂ ನೆಲದ ಉದ್ದಕ್ಕೂ ಹೊಂದಾಣಿಕೆಯಿಲ್ಲದಿರುವುದು, ಏಕೆಂದರೆ ದುರಸ್ತಿಗೆ ಅನುಕೂಲವಾಗಲೆಂದು ಮ್ಯಾನ್‌ಹೋಲುಗಳಲ್ಲಿ ಹತ್ತಾರು ಮೀಟರ್ ಎಳೆಯನ್ನು ಸುರುಳಿಸುತ್ತಿ ಇಟ್ಟಿರುತ್ತಾರೆ. ಆದ್ದರಿಂದ ಕೇಬಲ್ಲಿನ ದಾರಿಯುದ್ದಕ್ಕೂ ಗೊತ್ತಾದ ಜಾಗಗಳಲ್ಲಿ ನೆಲವನ್ನು ಸುತ್ತಿಗೆಯಿಂದ ಬಡಿದು, ಆ ಬಡಿತ ಪರದೆಯ ಮೇಲೆ ಎಷ್ಟನೆಯ ತುಂಡಿನಲ್ಲಿ ಕಂಡಿತೆಂದು ಬರೆದುಕೊಳ್ಳಬೇಕಾಗುತ್ತದೆ. ಒಂದು ಅಕ್ಷದಲ್ಲಿ ದೂರ, ಇನ್ನೊಂದರಲ್ಲಿ ಕಾಲ ಇರುವ ಆ ಪರದೆಯಲ್ಲಿ ರಸ್ತೆಯ ಮೇಲಿನ ಪ್ರತಿಯೊಂದು ವಾಹನವೂ ತನ್ನ ವೇಗಕ್ಕೆ ತಕ್ಕ ಓರೆಗೆರೆಯನ್ನು ಎಳೆದುಕೊಂಡು ಹೋಗುತ್ತದೆ. ಭೂಕಂಪದ ಅಲೆ ವಾಹನಕ್ಕಿಂತ ನೂರಾರು ಪಟ್ಟು ವೇಗವಾದ್ದರಿಂದ ಇಡೀ ಕೇಬಲ್ಲನ್ನು ಹೆಚ್ಚುಕಡಿಮೆ ಒಮ್ಮೆಗೇ ಅಡ್ಡಹಾಯ್ದ ಪಟ್ಟೆಯಾಗಿ ಕಾಣುತ್ತದೆ. ಒಂಟಿ ಮಾಪಕದ ಗೆರೆಯಲ್ಲಿ ಲಾರಿಯೊಂದರ ಅದುರಿನಿಂದ ಬೇರ್ಪಡಿಸಲಾಗದಿದ್ದ ಕಿರುಕಂಪನ ಇಲ್ಲಿ ಆಕಾರದಿಂದಲೇ ಪ್ರತ್ಯೇಕಗೊಳ್ಳುತ್ತದೆ. ರಿಜ್‌ಕ್ರೆಸ್ಟಿನಲ್ಲಿ ಈ ಬಗೆಯಿಂದ ಸಾಮಾನ್ಯ ಪಟ್ಟಿಯಲ್ಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು ಪಶ್ಚಾತ್ ಕಂಪನಗಳು ದೊರೆತವು. ಪಕ್ಕಪಕ್ಕದ ಬೀದಿಗಳಲ್ಲೇ ನೆಲದ ಅದುರು ಎಷ್ಟು ಭಿನ್ನವಾಗಿರುತ್ತದೆ ಎಂಬುದೂ, ಮೇಲ್ಪದರದಲ್ಲಿ ಹೂತುಹೋದ ಸಣ್ಣ ಸೀಳುಗಳ ಸುಳಿವೂ ಸಿಕ್ಕಿದವು. ಪೂರ್ವ ಕ್ಯಾಲಿಫೋರ್ನಿಯದ 395ನೆಯ ಹೆದ್ದಾರಿಗುಂಟ ಮ್ಯಾಮತ್ ಲೇಕ್ಸ್ ಪ್ರದೇಶದಲ್ಲಿ ಸುಮಾರು 100 ಕಿಲೋಮೀಟರ್ ಕೇಬಲ್ಲಿಗೆ ಈ ವಿಧಾನವನ್ನು ವಿಸ್ತರಿಸಿದ ಮೇಲೆ, 2021ರ ಜುಲೈ 8ರಂದು ಆ್ಯಂಟೆಲೋಪ್ ಕಣಿವೆಯಲ್ಲಾದ 6ರ ಪರಿಮಾಣದ ಭೂಕಂಪವು ಒಂದೇ ಏಟಿಗೆ ಆದದ್ದಲ್ಲ, ಬಿಗಿದು ನಿಂತಿದ್ದ ನಾಲ್ಕು ತಾಣಗಳು ಒಂದರ ಹಿಂದೊಂದು ಕಿತ್ತುಕೊಂಡು ಆದದ್ದೆಂದು ವಿಂಗಡಿಸಿ ಹೇಳಲು ಸಾಧ್ಯವಾಯಿತು.

ಈ ವಿಧಾನಕ್ಕೆ ಮಿತಿಗಳೂ ಇವೆ. ಎಳೆಯು ತನ್ನ ಉದ್ದದ ದಿಕ್ಕಿನ ಹಿಗ್ಗು ಕುಗ್ಗನ್ನು ಮಾತ್ರ ಅರಿಯುವುದರಿಂದ ಪಕ್ಕದಿಂದ ನೇರವಾಗಿ ಅಡ್ಡಬರುವ ಪ್ರಾಥಮಿಕ ತರಂಗ ಅದರಲ್ಲಿ ಕ್ಷೀಣವಾಗುತ್ತದೆ, ಮೂರು ದಿಕ್ಕಿನ ಚಲನೆಯನ್ನೂ ಬರೆಯುವ ಉತ್ತಮ ಮಾಪಕಕ್ಕೆ ಅದು ಪರ್ಯಾಯವಾಗಲಾರದು. 1,250 ತುಂಡುಗಳಿಂದ ಸೆಕೆಂಡಿಗೆ 250 ಬಾರಿ ಮಾಪನ ಪಡೆದರೂ ದಿನಕ್ಕೆ 100 ಗಿಗಾಬೈಟಿಗೂ ಮೀರಿದ ದತ್ತಾಂಶ ಸಂಗ್ರಹವಾಗುತ್ತದೆ, ಅದನ್ನು ಮನುಷ್ಯರು ಕಣ್ಣಿಂದ ನೋಡಿ ಮುಗಿಸುವುದು ಅಸಾಧ್ಯವಾದ್ದರಿಂದ ತರಬೇತಿ ಪಡೆದ ಗಣಕ ಕಾರ್ಯಕ್ರಮಗಳೇ ಅಲೆಗಳನ್ನು ಆರಿಸುತ್ತವೆ. ಕೇಬಲ್ಲುಗಳು ಸ್ತರಭಂಗವನ್ನು ಅನುಸರಿಸದೆ ಊರು ಮತ್ತು ಹೆದ್ದಾರಿಗಳನ್ನು ಅನುಸರಿಸುತ್ತವೆ. ಅವುಗಳ ಒಡೆತನ ದೂರಸಂಪರ್ಕ ಕಂಪನಿಗಳದು, ಮತ್ತು ವಾಹನವನ್ನೂ ಹೆಜ್ಜೆಯ ಸಪ್ಪಳವನ್ನೂ ಗುರುತಿಸಬಲ್ಲ ಸಾಧನವನ್ನು ಜನವಸತಿಯ ಕೆಳಗೆ ನಿರಂತರವಾಗಿ ಚಾಲನೆಯಲ್ಲಿಡುವುದು ಖಾಸಗಿತನದ ಪ್ರಶ್ನೆಯನ್ನೂ ಎತ್ತುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ದೊಡ್ಡ ಭೂಕಂಪ ಯಾವ ದಿನ ಆಗುತ್ತದೆಂದು ಹೇಳುವ ಶಕ್ತಿ ಈ ವಿಧಾನದಿಂದಲೂ ಬಂದಿಲ್ಲ. 1993ಕ್ಕೆ ಮೊದಲು ಆಗಬಹುದೆಂದು ನಿರೀಕ್ಷಿಸಿ ಹತ್ತಾರು ಉಪಕರಣಗಳನ್ನು ಹೂಡಿ ಕಾದಿದ್ದ ಪಾರ್ಕ್‌ಫೀಲ್ಡಿನಲ್ಲಿ ಭೂಕಂಪ ಬಂದದ್ದು 2004ರ ಸೆಪ್ಟೆಂಬರಿನಲ್ಲಿ.

ಈ ನೂರು ವರ್ಷಗಳ ದಾಖಲೆಯನ್ನು ಓದುವವರು ನೆನಪಿಡಬೇಕಾದ ಅಂಶವೊಂದಿದೆ. ಭೂಕಂಪಗಳ ಪಟ್ಟಿ ದಶಕದಿಂದ ದಶಕಕ್ಕೆ ಉದ್ದವಾಗಿರುವುದು ಭೂಮಿ ಹೆಚ್ಚು ಅಶಾಂತವಾದ ಕಾರಣದಿಂದಲ್ಲ, ಕೇಳುವ ಸಾಮರ್ಥ್ಯ ಹೆಚ್ಚಿದ ಕಾರಣದಿಂದ. ಪ್ಯಾಸಡೀನಕ್ಕೆ ಅಂಚೆಯಲ್ಲಿ ಕಾಗದ ಬರುತ್ತಿದ್ದ ಕಾಲದ ಸಂಖ್ಯೆಯನ್ನು ದೂರವಾಣಿ ಜಾಲದ ಕಾಲದ ಸಂಖ್ಯೆಯೊಂದಿಗೆ, ಅದನ್ನು ಗಾಜಿನೆಳೆಯ ಕಾಲದ ಸಂಖ್ಯೆಯೊಂದಿಗೆ ಹಾಗೆಯೇ ಹೋಲಿಸಿದರೆ ಸಿಗುವ ಏರಿಕೆ ಮನುಷ್ಯನ ಉಪಕರಣಗಳ ಏರಿಕೆಯಷ್ಟೇ. ಒಂದು ಊರಿನ ಕೆಳಗೆ ಕೇಬಲ್ಲನ್ನು ಮಾಪಕವಾಗಿಸಿದ ವರ್ಷದಿಂದ ಅಲ್ಲಿನ ಪಟ್ಟಿಯಲ್ಲಿ ಕಂಪನಗಳು ಇದ್ದಕ್ಕಿದ್ದಂತೆ ಹೆಚ್ಚುತ್ತವೆ, ಕಂಪನಿಯು ಆ ಎಳೆಯನ್ನು ಬೇರೆ ಕೆಲಸಕ್ಕೆ ಹಿಂತೆಗೆದುಕೊಂಡ ವರ್ಷದಿಂದ ಇಳಿಯುತ್ತವೆ. ಆದ್ದರಿಂದ ಯಾವ ಊರಿನಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಸಾಧನ ಕೇಳುತ್ತಿತ್ತು ಎಂಬ ವಿವರವನ್ನೂ ಕಂಪನಗಳ ಜೊತೆಯಲ್ಲೇ ದಾಖಲಿಸಿಡುವುದು ಮುಂದಿನ ತಲೆಮಾರಿನ ಅಧ್ಯಯನಕ್ಕೆ ಅನಿವಾರ್ಯ. ಸ್ತರಭಂಗವೊಂದು ನಿಜವಾಗಿ ಎಚ್ಚೆತ್ತಿದೆಯೇ, ಇಲ್ಲವೇ ಅದರ ಪಕ್ಕದಲ್ಲಿ ಹೊಸ ಕೇಬಲ್ಲು ಬಂದಿದೆಯೇ ಎಂಬುದನ್ನು ಆ ವಿವರದಿಂದಲೇ ಅವರು ತೀರ್ಮಾನಿಸಬೇಕು.